ಮುತ್ತಜ್ಜನ ತಾಯಿಯ ಮನೆ ಯಾವುದು? ಕಾಪು ಕಡೆಯ ಹಳೆಯ ದಾಖಲೆ ಬಲ್ಲವರು ಹೇಳಿ

ಕಾಪುವಿನ ಮೊಮ್ಮಗ:

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಜ್ಜ (ತಂದೆಯ ತಂದೆ) ಸ್ವಾತಂತ್ರ್ಯಕ್ಕೆ ಮೊದಲೇ ಮುಂಬಯಿಗೆ ಹೋಗಿ ಹೋಟೆಲು ಕೆಲಸಕ್ಕೆ ಸೇರಿದವರು. ಊರು ಕಾಪುವಿನ ಹತ್ತಿರ ಎಂಬುದು ಖಚಿತ. ಆದರೆ ಅಲ್ಲಿ ಈಗ ನಮಗೆ ಮನೆಯಿಲ್ಲ, ಜಾಗವಿಲ್ಲ, ಗುರುತಿನವರೂ ಇಲ್ಲ. ಅಜ್ಜನ ತಂದೆ ತೀರಿದ ಮೇಲೆ ಅವರ ಅಕ್ಕನ ಮಕ್ಕಳು ಎಲ್ಲವನ್ನೂ ಕಬಳಿಸಿದರು ಎಂಬುದು ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದ ಮಾತು.

ಕೈಯಲ್ಲಿರುವುದು ಇಷ್ಟು. ತೀರ್ವೆ (ಭೂಕಂದಾಯ) ಕಟ್ಟಿದ ಹಳೆಯ ರಶೀದಿ ಒಂದು. ಅದರಲ್ಲಿ ಫಸಲಿ 1338 ಎಂದಿದೆ, ಎರಡು ಹೆಸರುಗಳಿವೆ. ಮೊದಲನೆಯದು ಯಾರೋ ಗೊತ್ತಿಲ್ಲದವರದು. ಕೆಳಗೆ ‘ಹಸ್ತೆ’ ಎಂದು ಬರೆದು ಮುಂದೆ ಮುತ್ತಜ್ಜನ ಹೆಸರು, ಹೆಸರಿನ ಮುಂದೆ ಪೂಜಾರಿ ಎಂದಿದೆ. ಅಜ್ಜನ ಮುಂಬಯಿ ಕಾಗದಗಳಲ್ಲೆಲ್ಲ ಕೋಟ್ಯಾನ್ ಎಂದಿದೆ. ಮುತ್ತಜ್ಜನ ಜನನ ದಾಖಲೆ ಕೇಳಿದರೆ ಒಂದು ಕಚೇರಿಯಲ್ಲಿ ‘ಲಭ್ಯವಿಲ್ಲ’ ಎಂಬ ಹಿಂಬರಹ ಕೊಟ್ಟು ಕಳುಹಿಸಿದರು. ಮನೆಯಲ್ಲಿ ಜ್ಯೋತಿಷಿಗಳಿಂದ ಪ್ರಶ್ನೆ ಇಡಿಸಿದಾಗ ಕುಟುಂಬದ ಮೂಲ ನಾಗಬನ ದಕ್ಷಿಣಕ್ಕೆ, ಹೊಳೆ ದಾಟಿ ಇದೆ ಎಂದು ಬಂತು. ನಮ್ಮ ಕರಾವಳಿಯಲ್ಲಿ ದಕ್ಷಿಣಕ್ಕೆ ಹೊರಟರೆ ಹೊಳೆ ದಾಟದೆ ಹೋಗುವ ಊರು ಯಾವುದಿದೆ?

ಮುತ್ತಜ್ಜನ ತಾಯಿಯ ಮನೆ ಯಾವುದೆಂದು ತಿಳಿಯಬೇಕು. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಗುಮಾಸ್ತ:

ರಶೀದಿಯಿಂದ ಶುರು ಮಾಡಿ. ಅದು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಮಾತನಾಡುತ್ತಿದೆ.

ಫಸಲಿ ಎಂದರೆ ಕಂದಾಯದ ವರ್ಷ, ಅದಕ್ಕೆ 590 ಕೂಡಿಸಿ. 1338 ಎಂದರೆ 1928ರ ಜುಲೈಯಿಂದ 1929ರ ಜೂನ್‌ವರೆಗೆ. ಆಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು, ಕಂದಾಯದ ವರ್ಷ ಜುಲೈಗೆ ಆರಂಭವಾಗುತ್ತಿತ್ತು. ಮೊದಲ ಹೆಸರು ವರ್ಗದಾರನದು, ಅಂದರೆ ಸರಕಾರದ ಲೆಕ್ಕದಲ್ಲಿ ಭೂಮಿಯ ಒಡೆಯ. ‘ಹಸ್ತೆ’ ಎಂದರೆ ಹಣ ತಂದು ಕಟ್ಟಿದವರು. ನಿಮ್ಮ ಮುತ್ತಜ್ಜ ಧನಿಗಳ ಪರವಾಗಿ ತೀರ್ವೆ ಕಟ್ಟಿದ ಒಕ್ಕಲು ಎಂದು ನನಗೆ ತೋರುತ್ತದೆ. ಮೂಲಗೇಣಿಯೋ (ಶಾಶ್ವತ ಗೇಣಿ) ಚಾಲಗೇಣಿಯೋ (ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿ) ರಶೀದಿಯಿಂದ ತಿಳಿಯುವುದಿಲ್ಲ. ಆದ್ದರಿಂದ ನೀವು ‘ಯಾರೋ ಗೊತ್ತಿಲ್ಲದವರು’ ಎಂದು ಬಿಟ್ಟ ಹೆಸರನ್ನೇ ಮೊದಲು ಹಿಡಿಯಿರಿ. ಅದು ಯಾವ ಗುತ್ತು, ಯಾವ ಬೀಡು (ಎರಡೂ ಊರ ಯಜಮಾನಿಕೆಯ ಹಳೆಯ ಮನೆತನಗಳು), ಯಾವ ಮಠದ ಭೂಮಿ ಎಂದು ಗೊತ್ತಾದರೆ ಗ್ರಾಮ ಸಿಗುತ್ತದೆ. ಗ್ರಾಮ ಸಿಕ್ಕಿದರೆ ಸರ್ವೆ ನಂಬರು ದೂರವಿಲ್ಲ.

ಎರಡನೆಯ ಮಾತು. ಯಾವ ಕಾಲದಲ್ಲಿ ಯಾವ ಊರು ಯಾರ ಆಡಳಿತದಲ್ಲಿತ್ತು ಎಂದು ತಿಳಿಯದೆ ಕಚೇರಿ ಸುತ್ತಬೇಡಿ. ಕೆನರಾ 1799ರಲ್ಲಿ ಕಂಪೆನಿಯ ಕೈಗೆ ಬಂತು. 1860ರ ಹೊತ್ತಿಗೆ ಉತ್ತರ, ದಕ್ಷಿಣ ಎಂದು ಎರಡಾಯಿತು. 1862ರಲ್ಲಿ ಉತ್ತರ ಭಾಗ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಭಾಗ ಮದ್ರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು, ಕಾಸರಗೋಡು ಕೇರಳಕ್ಕೆ ಹೋಯಿತು. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಕಾಪು ತಾಲೂಕು ತೀರ ಇತ್ತೀಚಿನದು. ಹಾಗಾಗಿ ಕಾಪು ತಾಲೂಕು ಕಚೇರಿಯಲ್ಲಿ 1928ರ ಕಾಗದ ಕೇಳಿದರೆ ಅಲ್ಲಿಯ ಹುಡುಗ ತಾನೇ ಏನು ಮಾಡಿಯಾನು? ಉಡುಪಿ ತಾಲೂಕಿನ ರೆಕಾರ್ಡ್ ರೂಮಿನಲ್ಲಿ ಕೇಳಿ. ಕಂಪೆನಿ ಕಾಲದ ಕಲೆಕ್ಟರರ ಪತ್ರವ್ಯವಹಾರ ಬೇಕಾದವರು ಬೆಂಗಳೂರಿಗಿಂತ ಮೊದಲು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ಒಕ್ಕಲಿನವನ ಹೆಸರು ಅಲ್ಲಿ ಸಿಗುವುದಿಲ್ಲ, ಆ ಆಸೆ ಬೇಡ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅಡಂಗಲ್ (ಗ್ರಾಮದ ಜಮೀನು, ಬೆಳೆಗಳ ಲೆಕ್ಕದ ಪುಸ್ತಕ), ಸೆಟ್ಲ್‌ಮೆಂಟ್ ರಿಜಿಸ್ಟರ್‌ಗಳಲ್ಲಿ ನೀವು ಕಾಣುವುದು ಹೆಚ್ಚಾಗಿ ವರ್ಗದಾರನನ್ನು. ನೆಲ ಉತ್ತವರು ಒಮ್ಮೆಗೇ ಸರಕಾರಿ ಕಾಗದಕ್ಕೆ ಹತ್ತಿದ್ದು 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ. ಜನ ‘ಡಿಕ್ಲರೇಷನ್ ಹಾಕಿದ್ದು’ ಎನ್ನುವ, ಗೇಣಿದಾರರು ಭೂಮಿಯ ಹಕ್ಕು ಕೇಳಿ ಕೊಟ್ಟ 7ನೇ ನಮೂನೆಯ ಅರ್ಜಿ ಅದು. ಅರ್ಜಿ ಕೊಡಲು ಕೊನೆಗೆ 1979ರ ಜೂನ್ 30ರವರೆಗೆ ಅವಕಾಶವಿತ್ತು. ಭೂನ್ಯಾಯ ಮಂಡಳಿಯ ಆ ಫೈಲುಗಳಲ್ಲಿ ಅರ್ಜಿದಾರರ ಹೇಳಿಕೆ ಇರುತ್ತದೆ: ಈ ಭೂಮಿಯನ್ನು ಮೊದಲು ನನ್ನ ಅಜ್ಜಿ, ಆಮೇಲೆ ಮಾವ, ಈಗ ನಾನು ಮಾಡುತ್ತಿದ್ದೇನೆ ಎಂದು. ಗೇಣಿ ಚೀಟು, ರಶೀದಿಗಳ ಪ್ರತಿಗಳೂ ಒಳಗೆ ಇರುತ್ತವೆ. ವಂಶದ ಕಥೆಯನ್ನು ಪ್ರಮಾಣ ಮಾಡಿ ಹೇಳಿದ ಇಂಥ ದಾಖಲೆ ನಮ್ಮ ಜಿಲ್ಲೆಯ ಒಕ್ಕಲು ಮನೆಗಳಿಗೆ ಬೇರೆ ಇಲ್ಲ. ಹಿಂದಿನ ಕಾಲದವರನ್ನು ಹುಡುಕುವವರು ಹಿಂದಕ್ಕೇ ಹೋಗುತ್ತಾರೆ, ಐವತ್ತು ವರ್ಷ ಮುಂದಕ್ಕೆ ಬಂದು ನೋಡುವುದಿಲ್ಲ.

ಉದ್ಯಾವರದ ಅಕ್ಕ:

ಗುಮಾಸ್ತರು ಹೇಳಿದ್ದೆಲ್ಲ ಸರಿ. ಆದರೆ ಈ ತಮ್ಮ ಯಾರನ್ನು ಹುಡುಕುತ್ತಿದ್ದಾರೆ ಎಂಬುದು ಮೊದಲು ಸ್ಪಷ್ಟವಾಗಲಿ.

ನಮ್ಮದು ಅಳಿಯಸಂತಾನ, ಅಂದರೆ ಕುಟುಂಬವೂ ಆಸ್ತಿಯೂ ತಾಯಿಯ ಸಾಲಿನಲ್ಲಿ ಸಾಗುವ ಪದ್ಧತಿ. ಕಟ್ಟಿನ ಪ್ರಕಾರ ನಿಮ್ಮ ಕುಟುಂಬ ನಿಮ್ಮ ತಾಯಿಯದು. ನಿಮ್ಮ ತಂದೆಯ ಕುಟುಂಬ ಅವರ ತಾಯಿಯದು. ಅಜ್ಜನದು ಮುತ್ತಜ್ಜಿಯ ಮನೆ. ಮುತ್ತಜ್ಜನದು ಅವರ ತಾಯಿಯ ಮನೆ. ನಾಲ್ಕು ತಲೆಮಾರು, ನಾಲ್ಕು ಬೇರೆ ಬೇರೆ ಕುಟುಂಬ, ನಾಲ್ಕು ಬರಿ (ಗೋತ್ರದಂಥ ಬಳಿ). ಗಂಡಸರ ಸಾಲಿನಲ್ಲಿ ಮೇಲಕ್ಕೆ ಹೋದಂತೆ ಪ್ರತಿ ಮೆಟ್ಟಿಲಿಗೂ ಮನೆ ಬದಲಾಗುತ್ತದೆ. ಮುಂಬಯಿಯಲ್ಲಿ ಬೆಳೆದವರು ಒಂದೇ ಅಡ್ಡಹೆಸರನ್ನು ಹಿಡಿದು ಮೇಲೆ ಹೋಗುತ್ತಾರೆ, ಎರಡನೆಯ ಮೆಟ್ಟಿಲಿಗೇ ದಾರಿ ತಪ್ಪುತ್ತದೆ.

ಈಗ ಕೋಟ್ಯಾನ್ ವಿಷಯ. ಕೋಟ್ಯಾನ್, ಸುವರ್ಣ, ಅಮೀನ್, ಸಾಲ್ಯಾನ್, ಬಂಗೇರ ಇವೆಲ್ಲ ಬರಿಯ ಹೆಸರುಗಳು, ತಾಯಿಯಿಂದ ಬರುವಂಥವು. ಹಳೆಯ ಸರಕಾರಿ ಕಾಗದದಲ್ಲಿ ಇವು ಅಪರೂಪ. ಅಲ್ಲಿ ಬಿಲ್ಲವರಾದರೆ ಪೂಜಾರಿ, ಬೈದ್ಯ ಎಂದಷ್ಟೇ ಇರುತ್ತದೆ. ಮೊಗವೀರರಾದರೆ ಮರಕಾಲ. ಮುಂಬಯಿಯಲ್ಲಿ ಶಾಲೆ, ಕೆಲಸ, ರೇಷನ್ ಕಾರ್ಡು ಎಂದಾಗ ಅಡ್ಡಹೆಸರು ಬೇಕಾಯಿತು, ಬರಿಯನ್ನೇ ಬರೆಸಿದರು. ಅಲ್ಲಿಂದ ಮುಂದೆ ಮಕ್ಕಳು ತಂದೆಯ ಅಡ್ಡಹೆಸರನ್ನು ಹೊತ್ತರು. ಹೀಗೆ ತಾಯಿಯಿಂದ ಬರಬೇಕಾದದ್ದು ತಂದೆಯಿಂದ ಬರತೊಡಗಿತು. ನಿಮ್ಮ ಅಜ್ಜ ಬರೆಸಿದ ಕೋಟ್ಯಾನ್ ಅವರ ತಾಯಿಯ ಬರಿಯೇ, ತಂದೆಯದೇ? ಒಂದೇ ಬರಿಯವರಿಗೆ ಮದುವೆ ಸಂಬಂಧವಿಲ್ಲ, ಆದ್ದರಿಂದ ಎರಡೂ ಆಗಿರಲು ಸಾಧ್ಯವಿಲ್ಲ. ಮುಂಬಯಿಯಲ್ಲಿ ನಿಮ್ಮ ತಂದೆಯ ಸೋದರತ್ತೆ ಯಾರಾದರೂ ಇದ್ದರೆ ಕೇಳಿ. ಇಂಥ ವಿಷಯ ಹೆಂಗಸರಿಗೆ ಗೊತ್ತಿರುತ್ತದೆ.

ಇನ್ನೊಂದು, ಸ್ವಲ್ಪ ಕಹಿಯಾದೀತು. ಮುತ್ತಜ್ಜ ತೀರಿದ ಮೇಲೆ ಅವರ ಜಾಗ ಅಕ್ಕನ ಮಕ್ಕಳಿಗೆ ಹೋದದ್ದು ಕಬಳಿಕೆಯಲ್ಲ. ಆ ಕಾಲಕ್ಕೆ ಅದೇ ಕಾನೂನು, ಅದೇ ಧರ್ಮ. ಆ ಮನೆ ಅವರ ಅಜ್ಜಿಯದು. ನಿಮ್ಮ ಅಜ್ಜನ ಹಕ್ಕಿದ್ದದ್ದು ಅವರ ತಾಯಿಯ ಮನೆಯಲ್ಲಿ.

ಕಾಪುವಿನ ಮೊಮ್ಮಗ:

ಅಕ್ಕಾ, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಬಹಳ ಹೊತ್ತು ಏನೂ ಹೇಳಲಿಲ್ಲ, ಆಮೇಲೆ ಅಜ್ಜನ ತಂಗಿಯ ಮಗಳಿಗೆ ಫೋನು ಮಾಡಿದರು. ಅವರ ಪ್ರಕಾರ ಮುತ್ತಜ್ಜಿ ಸುವರ್ಣ ಬರಿಯವರು. ಹಾಗಾದರೆ ಕೋಟ್ಯಾನ್ ಮುತ್ತಜ್ಜನ ಬರಿ. ನನಗೆ ಬೇಕಾದ್ದು ಅದೇ ಮನೆ, ಮುತ್ತಜ್ಜನ ತಾಯಿಯದು. ವರ್ಗದಾರರ ಹೆಸರಿನ ಕೊನೆಯಲ್ಲಿ ಹೆಗ್ಡೆ ಎಂದಿದೆ. ಹಿಂದೆ ಮನೆಯ ಹೆಸರೂ ಇದೆ, ಆದರೆ ಅಕ್ಷರ ಅರ್ಧ ಅಳಿಸಿದೆ.

ಪಡುಬಿದ್ರಿ ಮಾಣಿ:

ಇಷ್ಟೆಲ್ಲ ಕಾಗದ ಯಾಕೆ? ನಮ್ಮ ಮೂಲ ಬನ ಸಿಕ್ಕಿದ್ದು ಅಷ್ಟಮಂಗಲ ಪ್ರಶ್ನೆಯಲ್ಲಿ. ದಿಕ್ಕು, ಮರ, ಪಕ್ಕದ ಕೆರೆ ಎಲ್ಲ ಹೇಳಿದರು. ಹೋಗಿ ನೋಡಿದರೆ ಇತ್ತು. ಈಗ ಪ್ರತಿ ನಾಗರಪಂಚಮಿಗೆ ತನು ಹಾಕಿ (ನಾಗನಿಗೆ ಹಾಲು, ಎಳನೀರು ಎರೆದು) ಬರುತ್ತೇವೆ.

ನಿವೃತ್ತ ಗುಮಾಸ್ತ:

ನಿಮ್ಮ ಭಕ್ತಿಗೆ ನನ್ನ ತಕರಾರಿಲ್ಲ ಮಾಣಿ. ಆದರೆ ತುಳುನಾಡಿನಲ್ಲಿ ಮರ, ಕೆರೆ, ನಾಗಬನ ಒಟ್ಟಿಗೆ ಇಲ್ಲದ ಗ್ರಾಮವನ್ನು ಒಂದು ತೋರಿಸಿ. ನಾನು ಕೆಲಸದಲ್ಲಿದ್ದ ಕಾಲದಲ್ಲಿ ಒಂದೇ ಬನಕ್ಕೆ ‘ಇದು ನಮ್ಮ ಮೂಲ’ ಎಂದು ಬೇರೆ ಬೇರೆ ಊರಿನಿಂದ ಬಂದ ಕುಟುಂಬಗಳನ್ನು ನೋಡಿದ್ದೇನೆ. ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ಪೂಜೆ ಮಾಡುವುದಕ್ಕೆ ಪ್ರಶ್ನೆಯ ಉತ್ತರ ಸಾಕು. ಯಾರ ಮಗಳು ಯಾರು ಎಂದು ತಿಳಿಯಲು ಸಾಲದು.

ಪಡುಬಿದ್ರಿ ಮಾಣಿ:

ಶಾನುಭಾಗರು ಬರೆದದ್ದೆಲ್ಲ ಸತ್ಯವೆಂದು ನೀವೂ ನಂಬಬೇಡಿ ಗುಮಾಸ್ತರೇ. ನಮ್ಮ ಅಜ್ಜನ ಶಾಲೆಯ ಜನ್ಮದಿನಾಂಕ ಜೂನ್ 1. ಅವರ ತಮ್ಮನದೂ ಜೂನ್ 1. ನೆರೆಮನೆಯವರದೂ ಜೂನ್ 1.

ನಿವೃತ್ತ ಗುಮಾಸ್ತ:

ಹ್ಹ. ಒಪ್ಪಿದೆ. ಶಾಲೆ ತೆರೆಯುವ ದಿನ ಊರಿಗೆ ಊರೇ ಹುಟ್ಟುತ್ತಿತ್ತು. ಶಾಲಾ ದಾಖಲಾತಿ ವಹಿಯಲ್ಲಿ ತಾರೀಕನ್ನು ನಂಬಬೇಡಿ, ಪೋಷಕರ ಹೆಸರನ್ನು ನೋಡಿ. ಅಳಿಯಸಂತಾನದ ಮನೆಗಳಲ್ಲಿ ಪೋಷಕರ ಕಲಮಿನಲ್ಲಿ ಎಷ್ಟೋ ಸಲ ತಂದೆಯ ಬದಲು ಸೋದರಮಾವನ ಹೆಸರಿರುತ್ತದೆ. ಆ ಮಾವನ ಮನೆಯೇ ಹುಡುಗನ ಕುಟುಂಬದ ಮನೆ.

ಕೋರ್ಟು ರಸ್ತೆ:

ಉಡುಪಿ, ಕುಂದಾಪುರ ಕಡೆಯ ಸಿವಿಲ್ ದಾವೆಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಕೆಲವು ಮಾತು ಸೇರಿಸುತ್ತೇನೆ.

ಜನನ ಮರಣ ನೋಂದಣಿ: ಮದ್ರಾಸು ಪ್ರಾಂತ್ಯಕ್ಕೆ 1899ರ ಕಾಯಿದೆ ಇತ್ತು. ಇಂದಿನ ವ್ಯವಸ್ಥೆ 1969ರ ಕೇಂದ್ರ ಕಾಯಿದೆಯದು. ಹಿಂದೆ ಹಳ್ಳಿಗಳಲ್ಲಿ ಬರೆಯುತ್ತಿದ್ದದ್ದು ಪಟೇಲರು. ಮಗುವಿಗೆ ಹೆಸರಿಡುವ ಮೊದಲೇ ಬರೆದದ್ದರಿಂದ ಎಷ್ಟೋ ಕಡೆ ‘ಗಂಡು’, ‘ಹೆಣ್ಣು’ ಎಂದಷ್ಟೇ ಇರುತ್ತದೆ. ನೀವು ಮಗುವಿನ ಹೆಸರು ಕೊಟ್ಟು ಹುಡುಕಿಸಿದರೆ ಸಿಗುವುದಿಲ್ಲ, ‘ಲಭ್ಯವಿಲ್ಲ’ ಎಂದು ಬರೆದುಕೊಡುತ್ತಾರೆ, ಅದು ಸುಳ್ಳೂ ಅಲ್ಲ. ಅರ್ಜಿಯಲ್ಲಿ ಗ್ರಾಮ, ಅಂದಾಜು ವರ್ಷಗಳು, ತಂದೆ ತಾಯಿಯ ಹೆಸರು ಕೊಡಿ. 1969ರ ಕಾಯಿದೆಯ 17ನೇ ಕಲಮಿನ ಪ್ರಕಾರ ಯಾರು ಬೇಕಾದರೂ ಹುಡುಕಿಸಿ ನಕಲು ಪಡೆಯಬಹುದು. ಮರಣದ ಕಾರಣವನ್ನು ಮಾತ್ರ ನಕಲಿನಲ್ಲಿ ಕೊಡುವುದಿಲ್ಲ. ನಿಮ್ಮ ಮುತ್ತಜ್ಜನ ಜನನಕ್ಕಿಂತ ಮರಣದ ದಾಖಲೆ ಸಿಗುವ ಸಾಧ್ಯತೆ ಹೆಚ್ಚು: ಕಾಲ ಹತ್ತಿರದ್ದು, ಹೆಸರೂ ಇರುತ್ತದೆ.

ಉಪನೋಂದಣಿ ಕಚೇರಿ: 1ನೇ ಪುಸ್ತಕ ಸ್ಥಿರಾಸ್ತಿಯದು. 1908ರ ನೋಂದಣಿ ಕಾಯಿದೆಯ 57ನೇ ಕಲಮಿನಂತೆ ಅದನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರೂ ನೋಡಬಹುದು. ಸೂಚಿ ಎರಡು ಬಗೆ: ಒಂದು ಹೆಸರಿನ ಪ್ರಕಾರ, ಇನ್ನೊಂದು ಆಸ್ತಿಯ ಪ್ರಕಾರ. ನಮ್ಮಲ್ಲಿ ಒಂದೇ ಹೆಸರಿನವರು ಹತ್ತು ಮಂದಿ ಇರುವುದರಿಂದ ಆಸ್ತಿಯ ಸೂಚಿಯೇ ಮೇಲು. 3ನೇ ಪುಸ್ತಕ ವೀಲುನಾಮೆಗಳದು. ಬರೆದವರು ತೀರಿಕೊಂಡ ಮೇಲೆ ಅದರ ನಕಲನ್ನೂ ಕೇಳಿದವರಿಗೆ ಕೊಡುತ್ತಾರೆ. ಇದು ಬಹಳ ಮಂದಿಗೆ ಗೊತ್ತಿಲ್ಲ.

ಪಾಲಿನ ದಾವೆಗಳು: 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಬರುವವರೆಗೆ ಎಲ್ಲರ ಒಪ್ಪಿಗೆಯಿಲ್ಲದೆ ಕುಟುಂಬದ ಆಸ್ತಿ ಪಾಲಾಗುತ್ತಿರಲಿಲ್ಲ. ಕಾಯಿದೆ ಬಂದು ಕವರುಗಳಿಗೆ (ಒಬ್ಬ ಹೆಂಗಸಿನಿಂದ ಕವಲೊಡೆದ ಕುಟುಂಬದ ಶಾಖೆಗಳಿಗೆ) ಪಾಲು ಕೇಳುವ ಹಕ್ಕು ಸಿಕ್ಕಿತು. ದಾವೆಗಳ ಮಳೆ ಸುರಿಯಿತು. ಪ್ರತಿ ದಾವೆಗೂ ವಂಶವೃಕ್ಷ ಲಗತ್ತಾಗಿರುತ್ತದೆ, ಮೂಲ ಸ್ತ್ರೀಯಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ. ನಿಮ್ಮ ವರ್ಗದಾರ ಹೆಗ್ಡೆಯವರ ಮನೆಯಲ್ಲೂ ಅಂಥದ್ದು ಆಗಿರುವ ಸಂಭವವಿದೆ. ಭೂಮಿಯ ಷೆಡ್ಯೂಲಿನಲ್ಲಿ ಒಕ್ಕಲುಗಳ ಹೆಸರು, ಅವರು ಕೊಡಬೇಕಾದ ಗೇಣಿಯ ಅಕ್ಕಿ ಎಷ್ಟು ಮುಡಿ (ಅಕ್ಕಿಯ ಹಳೆಯ ಅಳತೆ) ಎಂಬುದೂ ಇರುತ್ತದೆ.

ಎಚ್ಚರಿಕೆ ಒಂದು. ದಾವೆಗಾಗಿ ಬರೆದ ವಂಶವೃಕ್ಷದಲ್ಲಿ ಬೇಡವಾದ ಕೊಂಬೆಯನ್ನು ಕಡಿದಿರುತ್ತಾರೆ. ಜಗಳ ಹುಟ್ಟುವ ಮೊದಲು ಹೇಳಿದ ಸಂಬಂಧಕ್ಕೇ ಸಾಕ್ಷ್ಯ ಕಾಯಿದೆ ಬೆಲೆ ಕೊಟ್ಟಿರುವುದು, ಅದಕ್ಕೆ ಕಾರಣವಿದೆ. ವಾದಿಯ ವೃಕ್ಷದ ಜೊತೆ ಪ್ರತಿವಾದಿಯ ವೃಕ್ಷವನ್ನೂ ನೋಡಿ.

ಜೆಪ್ಪುವಿನವಳು:

ನಿಮ್ಮ ಚರ್ಚೆ ಓದುತ್ತಾ ನಮ್ಮ ಪಾಡು ನೆನಪಾಯಿತು. ಕ್ಯಾಥೊಲಿಕರಿಗೆ ಸುಲಭ, ಚರ್ಚಿನಲ್ಲಿ ಎಲ್ಲ ಬರೆದಿರುತ್ತಾರೆ ಎಂದು ಬೇರೆಯವರು ಅಂದುಕೊಳ್ಳುತ್ತಾರೆ. ಅರ್ಧ ನಿಜ. ರೊಜಾರಿಯೊ ಚರ್ಚು 1568ರದು, ಮಿಲಾಗ್ರಿಸ್ 1680ರದು. ಆದರೆ 1784ರಲ್ಲಿ ಟಿಪ್ಪು ನಮ್ಮವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಚರ್ಚುಗಳು ನೆಲಸಮವಾದವು, ವಹಿಗಳೂ ಹೋದವು. 1799ರ ನಂತರ ಹಿಂದಿರುಗಿದವರು ಹೊಸದಾಗಿ ಶುರು ಮಾಡಿದರು. ಹಾಗಾಗಿ ಹೆಚ್ಚಿನ ಮನೆಗಳ ಲೆಕ್ಕ 1800ರ ಆಚೆಗೆ ನಿಂತುಬಿಡುತ್ತದೆ. ಅದಕ್ಕೂ ಹಿಂದೆ ಹೋಗಬೇಕೆಂದರೆ ಗೋವಾದ ಯಾವ ಗ್ರಾಮದಿಂದ ಬಂದವರು ಎಂದು ತಿಳಿದಿರಬೇಕು. ಗೋವಾದ ಹಳೆಯ ಚರ್ಚು ವಹಿಗಳಲ್ಲಿ ಹಲವು ಪಣಜಿಯ ಸರಕಾರಿ ಪತ್ರಾಗಾರದಲ್ಲಿವೆ, ಪೋರ್ಚುಗೀಸಿನಲ್ಲಿ.

ಅಡ್ಡಹೆಸರು ನಮಗೂ ದಾರಿ ತೋರುವುದಿಲ್ಲ. ಡಿಸೋಜ, ಪಿಂಟೊ, ಡಿಸಿಲ್ವ ಎಂದರೆ ಎಂದೋ ದೀಕ್ಷೆ ಕೊಟ್ಟ ಪಾದ್ರಿಯ ಅಥವಾ ಜ್ಞಾನಪಿತನ ಹೆಸರು, ರಕ್ತಸಂಬಂಧದ ಗುರುತಲ್ಲ. ಕೆಲವು ಮನೆಗಳಲ್ಲಿ ಪ್ರಭು, ಕಾಮತ್, ಶೇಟ್, ನಾಯ್ಕ್ ಎಂಬ ಹಳೆಯ ಹೆಸರುಗಳು ಇನ್ನೂ ಬಾಯಲ್ಲಿವೆ. ಆ ಹೆಸರು ಗೊತ್ತಿದ್ದರೆ ಬಿಡಬೇಡಿ.

ವಹಿ ಓದುವವರಿಗೆ ಕೆಲವು ಮಾತು. ಹಳೆಯ ವಹಿಗಳು ಲ್ಯಾಟಿನಿನಲ್ಲಿವೆ. ಮನೆಯಲ್ಲಿ ಬಸ್ತ್ಯಾಂವ್ ಆದವರು ಅಲ್ಲಿ ಸೆಬಾಸ್ತಿಯಾನುಸ್, ಇನಾಸ್ ಆದವರು ಇಗ್ನಾಸಿಯುಸ್. ಹತ್ತಿರದ ಸಂಬಂಧದಲ್ಲಿ ಮದುವೆಯಾಗಿದ್ದರೆ ವಿನಾಯಿತಿ ಪಡೆದದ್ದನ್ನು ಮದುವೆಯ ವಹಿಯಲ್ಲಿ ಬರೆದಿರುತ್ತಾರೆ, ಎಷ್ಟನೆಯ ಹಂತದ ರಕ್ತಸಂಬಂಧ ಎಂಬುದೂ ಸಹಿತ. ಎರಡು ಕುಟುಂಬಗಳನ್ನು ಜೋಡಿಸಲು ಅದಕ್ಕಿಂತ ಒಳ್ಳೆಯ ಸಾಲು ಇಲ್ಲ. 1908ರಿಂದ ಈಚೆಗೆ ಮದುವೆಯ ವಿವರವನ್ನು ಜ್ಞಾನಸ್ನಾನದ ವಹಿಯ ಅಂಚಿನಲ್ಲೂ ಬರೆಯಬೇಕೆಂದು ನಿಯಮವಾಯಿತು. ಆ ಅಂಚನ್ನು ಓದದೆ ಪುಟ ತಿರುಗಿಸಬೇಡಿ. ಹಾಗೆಯೇ ನಿಮ್ಮ ಈಗಿನ ಚರ್ಚು ಯಾವಾಗ ಬೇರೆಯಾಯಿತು ಎಂದು ಕೇಳಿ. ಬೇರೆಯಾಗುವ ಮೊದಲಿನ ವಹಿ ತಾಯಿ ಚರ್ಚಿನಲ್ಲೇ ಇರುತ್ತದೆ.

ದೂರದೂರಿನವಳು:

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿಯವರು ನೂರು ವರ್ಷದ ಹಿಂದಿನ ಜನಗಣತಿಯ ಹಾಳೆಯನ್ನು ಮನೆಯಲ್ಲೇ ಕುಳಿತು ತೆರೆದು ನೋಡುತ್ತಾರೆ, ಮನೆಮಂದಿಯ ಹೆಸರು ವಯಸ್ಸು ಎಲ್ಲ ಇರುತ್ತದೆ. ನಮ್ಮ 1901, 1931ರ ಗಣತಿಯ ಹಾಳೆಗಳು ಎಲ್ಲಿ ಸಿಗುತ್ತವೆ?

ನಿವೃತ್ತ ಗುಮಾಸ್ತ:

ಸಿಗುವುದಿಲ್ಲ ತಾಯಿ. ಲೆಕ್ಕ ಹಾಕಿ ಮುಗಿದ ಮೇಲೆ ಚೀಟಿಗಳನ್ನು ನಾಶ ಮಾಡುತ್ತಿದ್ದರು. ಉಳಿದದ್ದು ಅಂಕಿಗಳ ವರದಿ ಮಾತ್ರ. ಆ ಹುಡುಕಾಟಕ್ಕೆ ಸಮಯ ಹಾಕಬೇಡಿ.

ಬಲ್ಮಠ ಗುಡ್ಡೆ:

ಬಾಸೆಲ್ ಮಿಷನಿನ ಹಿನ್ನೆಲೆಯವರು ಯಾರಾದರೂ ಓದುತ್ತಿದ್ದರೆ: ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಜೆಪ್ಪುವಿನ ಹಂಚಿನ ಕಾರ್ಖಾನೆ 1865ರಲ್ಲಿ. ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ಹಳೆಯ ಮಿಷನ್ ಕಾಗದಪತ್ರಗಳ ಸಂಗ್ರಹವಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮೂಲ ಸಂಗ್ರಹದ ಚಿತ್ರಗಳು ಅಂತರಜಾಲದಲ್ಲೇ ನೋಡಸಿಗುತ್ತವೆ. ಸಭೆಯ ಜ್ಞಾನಸ್ನಾನ, ಮದುವೆ, ಸಮಾಧಿಯ ವಹಿಗಳನ್ನು ಆಯಾ ಸಭೆಯಲ್ಲಿ ಕೇಳಬೇಕು.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ಮೇಲೆ ಎಲ್ಲರೂ ಭೂಮಿಯ ಕಾಗದದ ಬಗ್ಗೆ ಹೇಳಿದ್ದೀರಿ. ಒಡೆತನವೂ ಇಲ್ಲದ, ಗೇಣಿಯೂ ಇಲ್ಲದ, ಬೇರೆಯವರ ಗದ್ದೆಯಲ್ಲಿ ಜೀವ ಸವೆಸಿದ ಮನೆಗಳ ಹೆಸರು ಆ ಯಾವ ಪುಸ್ತಕದಲ್ಲೂ ಇಲ್ಲ. ಅಂಥವರ ಮಗು ಮಿಷನ್ ಶಾಲೆಗೆ ಹೋಗಿದ್ದರೆ, ಮಗಳು ನೇಯ್ಗೆಗೋ ಹಂಚಿಗೋ ಸೇರಿದ್ದರೆ ಎಲ್ಲೋ ಒಂದು ಸಾಲು ಉಳಿದಿದ್ದೀತು. ಇಲ್ಲದಿದ್ದರೆ ಉಳಿದದ್ದು ಬಾಯಿಮಾತು. ಮನೆಯ ಹಿರಿಯರು ಇದ್ದಾಗಲೇ ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ. ಕಚೇರಿಯನ್ನು ಮುಂದಿನ ವರ್ಷವೂ ನೋಡಬಹುದು.

ಉಳ್ಳಾಲದ ಓದುಗ:

ಬ್ಯಾರಿಗಳಿಗೆ ಜಮಾಅತಿನ ನಿಕಾಹ್ ವಹಿಯೇ ಆಧಾರ. ಎಲ್ಲ ಮಸೀದಿಗಳಲ್ಲೂ ಹಳೆಯದು ಉಳಿದಿಲ್ಲ. ಹಿಜರಿ ವರ್ಷ ಸೂರ್ಯವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು, ಆದ್ದರಿಂದ ಒಂದೇ ಅಂಕಿ ಕೂಡಿಸಿದರೆ ಆಗುವುದಿಲ್ಲ, ಪಟ್ಟಿ ನೋಡಿಯೇ ತಿರುಗಿಸಬೇಕು.

ಉದ್ಯಾವರದ ಅಕ್ಕ:

ವರ್ಷದ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ಹಿರಿಯರು ತಾರೀಕು ಹೇಳುವುದಿಲ್ಲ, ‘ಮಾರಿಬೊಳ್ಳದ ವರ್ಷ ನಾನು ತೊಟ್ಟಿಲಲ್ಲಿದ್ದೆ’ ಎನ್ನುತ್ತಾರೆ. ಅದು 1923ರ ನೇತ್ರಾವತಿಯ ನೆರೆ. ಹಳೆಯ ಕಾಗದದಲ್ಲಿ ಅದೇ ವರ್ಷಕ್ಕೆ ರುಧಿರೋದ್ಗಾರಿ ಸಂವತ್ಸರ ಎಂದಿರುತ್ತದೆ. ಸಂವತ್ಸರ ಅರುವತ್ತಕ್ಕೊಮ್ಮೆ ಮರಳುವುದರಿಂದ 1863 ಕೂಡ ರುಧಿರೋದ್ಗಾರಿಯೇ. ಕಾಗದ, ಶಾಯಿ, ಮುದ್ರೆ ನೋಡಿ ಯಾವುದೆಂದು ತೀರ್ಮಾನಿಸಿ. ಆದರೆ ಕೇಳಿಕೊಳ್ಳಿ, 1974ರಲ್ಲೂ ದೊಡ್ಡ ನೆರೆ ಬಂದಿತ್ತು. ಎಂಬತ್ತು ದಾಟದ ಅಜ್ಜಿಯರು ಹೇಳುವ ನೆರೆ ಅದಾಗಿರಬಹುದು.

ಮತ್ತೆ ಪತ್ರಿಕೆಗಳ ಶ್ರದ್ಧಾಂಜಲಿ ಪ್ರಕಟಣೆಗಳನ್ನು ಯಾರೂ ಹೇಳಲಿಲ್ಲ. ಉದಯವಾಣಿ 1970ರಿಂದ ಬರುತ್ತಿದೆ. ಕ್ಯಾಥೊಲಿಕರಿಗೆ ಕೊಂಕಣಿ ಪತ್ರಿಕೆ ರಾಕ್ಣೊ 1938ರಿಂದ ಇದೆ. ಉತ್ತರಕ್ರಿಯೆಯ ಜಾಹೀರಾತಿನಲ್ಲಿ ಮನೆಯ ಹೆಸರು, ಮಕ್ಕಳು, ಅಳಿಯಂದಿರು, ‘ಹಾಗೂ ಕುಟುಂಬಸ್ಥರು’ ಎಲ್ಲ ಬರುತ್ತದೆ. ಬದುಕಿದ್ದಾಗ ಮಾತು ಬಿಟ್ಟವರ ಹೆಸರೂ ಅಲ್ಲಿ ಸಾಲಾಗಿ ಇರುತ್ತದೆ.

ಕಾಪುವಿನ ಮೊಮ್ಮಗ:

ಮಳೆಗಾಲ ಮುಗಿದ ಮೇಲೆ ಊರಿಗೆ ಬಂದಿದ್ದೆ. ನಡೆದದ್ದನ್ನು ಹೇಳುತ್ತೇನೆ.

ಅಳಿಸಿದ ಮನೆಯ ಹೆಸರನ್ನು ಓದಿದವರು ಕಾಪುವಿನ ಒಬ್ಬ ಹಿರಿಯರು. ಕೊನೆಯ ಅಕ್ಷರ ನೋಡಿದ ಕೂಡಲೇ ಗುತ್ತಿನ ಹೆಸರು ಹೇಳಿದರು. ಗ್ರಾಮ ಸಿಕ್ಕಿತು. ಗುಮಾಸ್ತರು ಹೇಳಿದಂತೆ ಆ ಗ್ರಾಮದ ಭೂನ್ಯಾಯ ಮಂಡಳಿಯ ಫೈಲುಗಳ ಪಟ್ಟಿ ಕೇಳಿದೆ. ಮುತ್ತಜ್ಜನ ಹೆಸರಿರಲಿಲ್ಲ, ಅವರು ಅಷ್ಟು ಹೊತ್ತಿಗೆ ತೀರಿಹೋಗಿದ್ದರು. ಪಟ್ಟಿಯಲ್ಲಿದ್ದ ಗಂಡಸರ ಹೆಸರುಗಳಲ್ಲಿ ಯಾವುದೂ ನಮಗೆ ಹೊಂದಲಿಲ್ಲ. ಆಗ ಅಕ್ಕ ಹೇಳಿದ್ದು ನೆನಪಾಗಿ ಹೆಂಗಸರು ಹಾಕಿದ ಅರ್ಜಿಗಳನ್ನು ನೋಡತೊಡಗಿದೆ. ಒಂದು ಫೈಲಿನಲ್ಲಿ ಅರ್ಜಿದಾರರು ಒಬ್ಬ ವಿಧವೆ. ಹೇಳಿಕೆಯಲ್ಲಿ ಹೀಗಿದೆ: ಈ ಗದ್ದೆಯನ್ನು ಮೊದಲು ನನ್ನ ಅಜ್ಜಿ, ನಂತರ ನನ್ನ ಸೋದರಮಾವ, ಅವರ ಕಾಲಾನಂತರ ನನ್ನ ತಾಯಿ, ಈಗ ನಾನು ಗೇಣಿಗೆ ಮಾಡಿಕೊಂಡು ಬಂದಿದ್ದೇವೆ. ಸೋದರಮಾವನ ಹೆಸರು ಮುತ್ತಜ್ಜನದು. ಲಗತ್ತಿನಲ್ಲಿ ಅದೇ ಗುತ್ತಿನ ಹೆಸರಿನ ರಶೀದಿಗಳು, ನಮ್ಮ ರಶೀದಿಯಂತೆಯೇ ‘ಹಸ್ತೆ’ಯೊಂದಿಗೆ. ಅಜ್ಜಿಯ ಹೆಸರೂ ಇದೆ, ಆಕೆಯ ಮನೆಯ ಹೆಸರೂ ಇದೆ. ಕಬಳಿಸಿದರು ಎಂದು ನಾವು ಹೇಳುತ್ತಿದ್ದ ಮನೆಯವರು ಇವರೇ.

ಈಗ ಎರಡು ಪ್ರಶ್ನೆ. ಆ ಅಜ್ಜಿ ಗೇಣಿಗೆ ಬಂದದ್ದು ಎಲ್ಲಿಂದ? ಮೂಲ ಬನ ಈ ಜಾಗದಲ್ಲೇ ಇರಬೇಕೆಂದಿಲ್ಲವಲ್ಲ. ಎರಡನೆಯದು, ಅರ್ಜಿದಾರರ ಮಕ್ಕಳು ಆ ಮನೆಯಲ್ಲೇ ಇದ್ದಾರಂತೆ. ಹೋಗಬಹುದೇ?

ಕೋರ್ಟು ರಸ್ತೆ:

ಮೊದಲನೆಯದಕ್ಕೆ: ಗೇಣಿ ಮೂಲಗೇಣಿಯಾಗಿದ್ದರೆ ಚೀಟು ನೋಂದಣಿಯಾಗಿರುವ ಸಂಭವ ಹೆಚ್ಚು. ಈಗ ನಿಮಗೆ ಗ್ರಾಮವೂ ಸರ್ವೆ ನಂಬರೂ ಗೊತ್ತಿದೆ. ಉಪನೋಂದಣಿ ಕಚೇರಿಯ ಆಸ್ತಿ ಸೂಚಿಯಲ್ಲಿ 1928ರಿಂದ ಹಿಂದಕ್ಕೆ ಹುಡುಕಿಸಿ. ಅಂಥ ಚೀಟಿನಲ್ಲಿ ಬರೆದುಕೊಟ್ಟವರ ವಾಸಸ್ಥಳ ಇರುತ್ತದೆ, ‘ಇಂಥ ಗ್ರಾಮದ ಇಂಥ ಮನೆಯಲ್ಲಿರುವ’ ಎಂದು. ಚಾಲಗೇಣಿಯಾದರೆ ವರ್ಷದಿಂದ ವರ್ಷಕ್ಕೆ ನಡೆದ ವ್ಯವಹಾರ, ಕಚೇರಿಯಲ್ಲಿ ಏನೂ ಇರುವುದಿಲ್ಲ. ಗುತ್ತಿನ ಮನೆಯ ಗೇಣಿ ಲೆಕ್ಕದ ಪುಸ್ತಕ ಉಳಿದಿದ್ದರೆ ಉಂಟು.

ನಿವೃತ್ತ ಗುಮಾಸ್ತ:

ಆ ಸರ್ವೆ ನಂಬರಿನ ಮತ್ತು ಅಕ್ಕಪಕ್ಕದ ನಂಬರುಗಳ ಹಳೆಯ ಅಡಂಗಲ್ ನಕಲನ್ನೂ ತೆಗೆಸಿ. ಬನ ಎಂದು ಬರೆದಿರಲೂಬಹುದು, ಪರಂಬೋಕು (ಕಂದಾಯವಿಲ್ಲದ ಸರಕಾರಿ ಜಾಗ) ಎಂದಷ್ಟೇ ಇರಲೂಬಹುದು.

ಉದ್ಯಾವರದ ಅಕ್ಕ:

ಎರಡನೆಯದು ನನಗೆ ಬಿಡಿ. ಹೋಗಿ, ಖಂಡಿತ ಹೋಗಿ. ಆದರೆ ಆ ಫೈಲಿನ ನಕಲು, ರಶೀದಿ, ವಕೀಲರು ಹೇಳಿದ ಕಾಗದ ಯಾವುದನ್ನೂ ಕೈಯಲ್ಲಿ ಹಿಡಿದು ಹೋಗಬೇಡಿ. ಮುಂಬಯಿಯಿಂದ ಕಾಗದ ಹಿಡಿದು ಬಂದವರೆಂದರೆ ಭಾಗ ಕೇಳಲು ಬಂದವರೆಂದೇ ಲೆಕ್ಕ, ಬಾಗಿಲಲ್ಲೇ ಮಾತು ಮುಗಿಯುತ್ತದೆ. ನಿಮ್ಮ ತಂದೆಯನ್ನು ಕರೆದುಕೊಂಡು ಹೋಗಿ, ಅವರೇ ಮೊದಲು ಮಾತನಾಡಲಿ. ಮುತ್ತಜ್ಜನ ಹೆಸರು ಹೇಳಿ, ಅವರ ಮೊಮ್ಮಗ ನಾನು, ನಿಮ್ಮ ನಾಗನಿಗೆ ಒಂದು ತನು ಹಾಕಬೇಕಿತ್ತು ಎನ್ನಲಿ. ನಾಗ ಎಲ್ಲಿ ಎಂದು ಅವರೇ ಹೇಳುತ್ತಾರೆ. ಆ ಮನೆಯಲ್ಲಿ ವಯಸ್ಸಾದ ಹೆಂಗಸು ಯಾರಾದರೂ ಇದ್ದರೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ, ಗಂಡಸರ ಪಕ್ಕದಲ್ಲಿ ಬೇಡ.

ಕಾಪುವಿನ ಮೊಮ್ಮಗ:

ಅಪ್ಪ ಒಪ್ಪಿದ್ದಾರೆ ಅಕ್ಕಾ. ಡಿಸೆಂಬರ್ ರಜೆಗೆ ಹೊರಡುತ್ತೇವೆ. ಬರುವಾಗ ಹಣ್ಣಿನ ಜೊತೆ ಬೇರೆ ಏನಾದರೂ ತರಬೇಕೇ?

ಉದ್ಯಾವರದ ಅಕ್ಕ:

ಎಳನೀರು, ಹಾಲು, ಹಿಂಗಾರ ಇಲ್ಲೇ ಸಿಗುತ್ತದೆ. ಅಜ್ಜನ ಫೋಟೊ ಇದ್ದರೆ ಒಂದು ತನ್ನಿ, ಮುಖದ ಕಳೆ ನೋಡಿಯೇ ಅರ್ಧ ಜನ ಗುರುತು ಹಿಡಿಯುತ್ತಾರೆ.